ಕಾಲೇಜು ನೋಡುವ ಶಾಸ್ತ್ರ

ನೈರೋಬಿಯ ಕನ್ನಡಿಗರಲ್ಲಿ ನಾನು ಎರಡು ಮದುವೆ ಕುದುರಿಸಿದ್ದೇನೆ. ಎರಡೂ ಇನ್ನೂ ನಿಂತಿವೆ. ಹಾಗಾಗಿ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಸೆಲಿನ್, ಮೂರು ಅಮೆರಿಕನ್ ಕಾಲೇಜುಗಳಲ್ಲಿ ಒಂದನ್ನು ಆರಿಸಿಕೊಡು ಎಂದು ಬಂದಾಗ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಗಂಡಾದರೇನು, ಕಾಲೇಜಾದರೇನು, ವಿಚಾರಿಸುವ ಕ್ರಮ ಒಂದೇ.

ಸೆಲಿನ್ ಮಂಗಳೂರಿನವಳು. ಹದಿನೈದು ವರ್ಷದಿಂದ ಇಲ್ಲಿನ ಆಸ್ಪತ್ರೆಯೊಂದರಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನರ್ಸ್. ಈ ದೇಶದ ಪೌರತ್ವವನ್ನೂ ಪಡೆದಿದ್ದಾಳೆ. ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯನ್ನು ಎಂದೋ ಪಾಸು ಮಾಡಿ ಸುಮ್ಮನೆ ಕೂತಿದ್ದಳು. ಈಗ ನಿಯೋನೇಟಲ್ ನರ್ಸ್ ಪ್ರಾಕ್ಟಿಷನರ್ ಎಂಬ ದೊಡ್ಡ ಓದಿನ ಮೇಲೆ ಅವಳ ಕಣ್ಣು. ಪಾಠವೆಲ್ಲ ಆನ್‌ಲೈನಿನಲ್ಲಿ. ಮುಗಿಸಿದರೆ, ಕೂಸಿನ ಉಸಿರು ತಪ್ಪಿದಾಗ ಬಾಗಿಲ ಕಡೆ ನೋಡುತ್ತಾ ನಿಲ್ಲದೆ ತಾನೇ ಮುಂದಿನದನ್ನು ಮಾಡುವಷ್ಟು ವಿದ್ಯೆ ಕೈಗೆ ಬರುತ್ತದೆ.

"ಡಾಕ್ಟ್ರು ವೆಸ್ಟ್‌ಲ್ಯಾಂಡ್ಸ್ ಟ್ರಾಫಿಕ್ ಜಾಮಿನಲ್ಲಿ ಇರ್ತಾರೆ. ಕೂಸಿಗೆ ಅದು ಗೊತ್ತುಂಟಾ?" ಅಂದಳು.

ತೊಡಕು ಬೇರೆಯೇ ಇತ್ತು. ಪಾಠ ಲ್ಯಾಪ್‌ಟಾಪಿನಲ್ಲಾದರೂ ಕೈಕೆಲಸವನ್ನು ವಾರ್ಡಿನಲ್ಲೇ ಕಲಿಯಬೇಕು. ಅದಕ್ಕೆ ನವಜಾತ ಶಿಶುಗಳ ತಜ್ಞರೊಬ್ಬರು ಗುರುವಾಗಿ ನಿಲ್ಲಬೇಕು. ಗುರು ಇಲ್ಲದಿದ್ದರೆ ಯಾವ ಕಾಲೇಜೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅವಳ ವಾರ್ಡಿನಲ್ಲಿ ಅಂಥವರು ಇದ್ದದ್ದು ಒಬ್ಬರೇ, ಮೈಸೂರಿನ ಅನಂತ್ ಡಾಕ್ಟರು. ಅವರು ಕಡ್ಡಿ ಮುರಿದಂತೆ ಇಲ್ಲ ಅಂದಿದ್ದರು.

"ಕಲಿಸೋದು ನಾನು, ಕಲಿತ ತಕ್ಷಣ ಹಾರೋದು ನೀವು. ಒಬ್ಬಳು ಲಂಡನ್ನು, ಇಬ್ಬರು ದುಬೈ. ಸಾಕಮ್ಮ, ಇನ್ನು ನನ್ನ ಕೈಲಾಗಲ್ಲ," ಅಂದರಂತೆ.

ನಾನು ಮೊದಲು ಕಾಲೇಜುಗಳನ್ನು ಜಾಲಾಡಿದೆ. ಮೂರಕ್ಕೂ ಮಾನ್ಯತೆ ಇತ್ತು, ಪಾಠಗಳೂ ಹೆಚ್ಚುಕಡಿಮೆ ಒಂದೇ. ನನಗೆ ಹಿಡಿಸಿದ್ದು ಮೊದಲನೆಯದು, ದೊಡ್ಡ ಹೆಸರು. ಸೆಲಿನ್‌ಳ ಗಂಡ ರಾಯ್ಸ್ಟನ್‌ಗೆ ಎರಡನೆಯದು, ಯಾಕೆಂದರೆ ಆ ಊರಿನಲ್ಲಿ ಅವನ ಸೋದರತ್ತೆಯ ಮಗ ಇದ್ದಾನೆ. ಸೆಲಿನ್ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೂರೂ ಕಡೆಯ ಅಡ್ಮಿಷನ್‌ನವರ ಜೊತೆ ಸ್ಕೈಪಿನಲ್ಲಿ ಮಾತಾಡಿ, ಮೂರನೆಯದೇ ಇರಲಿ ಅಂದುಬಿಟ್ಟಳು.

"ಅಲ್ಲ ಕಣೇ, ಆ ಮೂರನೇ ಕಾಲೇಜಿನ ಹೆಂಗಸಿಗೆ ಎಷ್ಟು ಕೊಬ್ಬು! ನಿನ್ನನ್ನ ಮಾತೇ ಮುಗಿಸೋಕೆ ಬಿಡ್ಲಿಲ್ಲ. ಅಲ್ಲಿ ಹೋಗಿ ಬೀಳ್ತೀಯಾ?" ಅಂದೆ.

"ಅದೇ ಇರ್ಲಿ ಮಾರಾಯ್ತಿ. ನೀನು ಅನಂತ್ ಡಾಕ್ಟ್ರನ್ನು ಒಮ್ಮೆ ಮನೆಗೆ ಕರಿ."

ಈ ಹುಡುಗಿಗೆ ಬುದ್ಧಿ ಇಲ್ಲ ಎಂದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ಗಂಡಸರನ್ನು ಕರೆಸುವ ಉಪಾಯ ನನಗೆ ಗೊತ್ತು. ಸಹಾಯ ಮಾಡಿ ಅಂದರೆ ಬರುವುದಿಲ್ಲ, ಹಿರಿಯರಾಗಿ ಬಂದು ಕೂತು ಕಾಲೇಜಿನವರನ್ನು ನಾಲ್ಕು ಮಾತು ವಿಚಾರಿಸಿ ಅಂದರೆ ಇಲ್ಲವೆನ್ನುವ ಮೈಸೂರಿನವರನ್ನು ನಾನಿನ್ನೂ ಕಂಡಿಲ್ಲ.

"ಕೂತ್ಕೊಳ್ತೀನಿ. ಸೈನ್ ಗೀನ್ ಕೇಳಬೇಡಿ," ಅಂದರು.

ಅದು ಎರಡು ಸಾವಿರದ ಹದಿನೈದರ ಮಶುಜಾ ದಿನ, ಅಂದರೆ ಈ ದೇಶದ ವೀರರನ್ನು ನೆನೆಯುವ ದಿನ. ಇಲ್ಲಿ ರಜೆ, ಅಮೆರಿಕದಲ್ಲಿ ಕೆಲಸದ ದಿನ. ಸಂಜೆ ಸೆಲಿನ್‌ಳ ಮನೆಯಲ್ಲಿ ನಾನು ಬೋಂಡ, ಕೇಸರಿಬಾತು ಮಾಡಿ ಜೋಡಿಸಿದೆ. ಡಾಕ್ಟರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಸ್ಪ್ರಿಂಗ್ ವ್ಯಾಲಿಯ ತಮ್ಮ ಮನೆಯಿಂದ ಬಂದರು. ಅವರನ್ನು ಸೋಫಾದ ನಡುವೆ, ಲ್ಯಾಪ್‌ಟಾಪಿನ ನೇರಕ್ಕೆ ಕೂರಿಸಿದೆವು. ರಾಯ್ಸ್ಟನ್ ಒಂದು ಪಕ್ಕ, ನಾನೊಂದು ಪಕ್ಕ. ಸೆಲಿನ್ ತಲೆ ತಗ್ಗಿಸಿ ತುದಿಯಲ್ಲಿ ಕೂತಳು. ತೆರೆಯ ಮೇಲೆ ಬಂದ ಆ ಕಾಲೇಜಿನ ಹೆಂಗಸು ಇಷ್ಟು ಜನರನ್ನು ಕಂಡು ಕನ್ನಡಕ ಸರಿಪಡಿಸಿಕೊಂಡಳು.

ಡಾಕ್ಟರು ಇಂಗ್ಲಿಷಿನಲ್ಲೇ ಶುರುಮಾಡಿದರೂ ಧಾಟಿ ಮಾತ್ರ ಹೆಣ್ಣಿನ ಕಡೆಯವರದೇ. ಕಾಲೇಜು ಶುರುವಾಗಿ ಎಷ್ಟು ವರ್ಷವಾಯಿತು? ಸೇರಿದವರಲ್ಲಿ ಎಷ್ಟು ಜನ ಪಾಸಾಗುತ್ತಾರೆ? ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ಟರು? ರಾಯ್ಸ್ಟನ್ ನನ್ನ ಕಡೆ ಬಗ್ಗಿ, "ಇನ್ನು ಜಾತಕ ಕೇಳ್ಲಿಕ್ಕೆ ಮಾತ್ರ ಬಾಕಿ," ಅಂದ. ನಾನು ಅವನ ಕಾಲು ತುಳಿದೆ.

ಆ ಹೆಂಗಸಿಗೆ ಸಾಕಾಯಿತು. ಇದೆಲ್ಲ ಆಮೇಲಿನ ಮಾತು, ಮೊದಲು ಗುರುವಿನ ವಿಷಯ ಅಂದಳು. ನಿಮ್ಮ ಕಡೆ ನಮ್ಮ ಮಟ್ಟದ ತಜ್ಞರು ಸಿಗುವುದು ಕಷ್ಟ, ಸಿಕ್ಕರೂ ನಮ್ಮ ಪದ್ಧತಿ ಅವರಿಗೆ ತಿಳಿದಿರುವುದಿಲ್ಲ, ಆದ್ದರಿಂದ ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಎಂದು ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದಳು.

ಡಾಕ್ಟರ ಕೈಯಲ್ಲಿದ್ದ ಬೋಂಡ ಅಲ್ಲೇ ನಿಂತಿತು. ಕಿವಿ ಕೆಂಪಾಯಿತು.

"ಕಷ್ಟ? ಯಾರು ಹೇಳಿದ್ದು ಕಷ್ಟ ಅಂತ? ನಿಮ್ಮ ವಾರ್ಡಿನ ಅರ್ಧ ಯಂತ್ರ ಇಲ್ಲದೆ ನಾನು ಇಲ್ಲಿ ಕೂಸುಗಳನ್ನ ಉಳಿಸಿದ್ದೀನಿ. ಗುರು ನಾನಿದ್ದೀನಿ! ನನ್ನ ಹೆಸರು ಬರ್ಕೊಳ್ಳಿ!"

ಬಾಯಿಂದ ಮಾತು ಬಿದ್ದ ಕ್ಷಣದಲ್ಲೇ ಹಿಡಿಯುವುದು ನನ್ನ ಕಸುಬು. ಕೇಸರಿಬಾತಿನ ತಟ್ಟೆ ಅವರ ಕೈಗೆ ಕೊಟ್ಟು, "ಬಾಯಿ ಸಿಹಿ ಮಾಡ್ಕೊಳ್ಳಿ ಸರ್, ಮಾತಾಯ್ತು," ಅಂದೆ. ಸಿಟ್ಟಿನಲ್ಲಿ ತಿಂದೇಬಿಟ್ಟರು.

ಆ ಹೆಂಗಸು ಈಗ ಸ್ವಲ್ಪ ಮೆತ್ತಗಾಗಿ, ಈ ವಿದ್ಯಾರ್ಥಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದಳು. ಡಾಕ್ಟರು ಸೆಲಿನ್ ಕಡೆ ನೋಡಲಿಲ್ಲ. ಇವಳು ಡ್ಯೂಟಿಯಲ್ಲಿದ್ದ ರಾತ್ರಿ ನಾನು ನಿದ್ದೆ ಮಾಡುತ್ತೇನೆ, ಬೇರೆಯವರಿದ್ದರೆ ಫೋನನ್ನು ಕೈಯಲ್ಲೇ ಹಿಡಿದು ಮಲಗುತ್ತೇನೆ, ಇಷ್ಟು ಸಾಕೇ ಅಂದರು. ಸಾಕು ಅಂದಳು ಅವಳು. ಹದಿನೈದು ವರ್ಷದಲ್ಲಿ ಒಂದು ಸಲವೂ ಅವರ ಬಾಯಲ್ಲಿ ಒಳ್ಳೆಯ ಮಾತು ಕೇಳದ ಸೆಲಿನ್ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ನನಗೂ ಅಳು ಬಂತು, ಬೋಂಡ ಬಿಸಿ ಮಾಡುವ ನೆಪದಲ್ಲಿ ಎದ್ದುಹೋದೆ.

ತಿರುಗಿ ಬರುವಷ್ಟರಲ್ಲಿ ಕರೆ ಮುಗಿದಿತ್ತು. ಡಾಕ್ಟರು ಖಾಲಿ ತಟ್ಟೆಯನ್ನೂ ಸೆಲಿನ್‌ಳನ್ನೂ ನೋಡುತ್ತಿದ್ದರು.

"ಮೂರು ಕಾಲೇಜಲ್ಲಿ ಇದೇ ಯಾಕಮ್ಮ?"

"ಉಳಿದ ಎರಡು ಕಡೆಯವರು ಭಾರಿ ಮರ್ಯಾದೆಯಲ್ಲಿ ಮಾತಾಡಿದ್ರು ಡಾಕ್ಟ್ರೆ. ಅವರ ಮಾತಿಗೆ ನಿಮಗೆ ಸಿಟ್ಟು ಬರ್ತಿರ್ಲಿಲ್ಲ."

ನಾನು ಬೋಂಡದ ತಟ್ಟೆ ಹಿಡಿದು ಬಾಯಿ ಬಿಟ್ಟುಕೊಂಡು ನಿಂತೆ. ಎರಡು ಮದುವೆ ಮಾಡಿಸಿದವಳನ್ನೂ ಸೇರಿಸಿ ಎಲ್ಲರನ್ನೂ ಈ ಹುಡುಗಿ ಆಡಿಸಿದ್ದಳು. ರಾಯ್ಸ್ಟನ್ ಜೋರಾಗಿ ನಕ್ಕ. ಡಾಕ್ಟರು ನಗಲಿಲ್ಲ.

"ಆಯ್ತು, ಕೊಟ್ಟ ಮಾತು ಕೊಟ್ಟದ್ದೇ, ಕಲಿಸ್ತೀನಿ. ಕಲಿತು ನೀನೂ ಹೋಗ್ತೀಯ, ಅಷ್ಟೇ ತಾನೆ?" ಅಂದರು. ದನಿ ಸೋತಿತ್ತು.

"ಎಲ್ಲಿಗೆ ಹೋಗುದು? ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ವರ್ಷ ಆಯ್ತು. ರಿನ್ಯೂ ಮಾಡ್ಲಿಕ್ಕೆ ನೆನಪೇ ಆಗ್ಲಿಲ್ಲ."

ರಾಯ್ಸ್ಟನ್‌ನ ನಗು ನಿಂತಿತು. "ಸತ್ಯ ಸರ್. ಅವಳ ಸ್ವಂತ ತಂಗಿ ಮದುವೆಗೆ ನಾನೊಬ್ಬನೇ ಮಂಗಳೂರಿಗೆ ಹೋದದ್ದು. ವಾರ್ಡಿನಲ್ಲಿ ಯಾವುದೋ ಕೂಸು ಉಂಟು, ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಂದ್ಲು."

ಡಾಕ್ಟರು ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ತಿರುಗಿ ನಿಂತರು.

"ನಾಳೆನೇ ಹೋಗಿ ಪಾಸ್‌ಪೋರ್ಟ್ ಮಾಡಿಸ್ಕೊ. ರಜಾ ನಾನು ಕೊಡಿಸ್ತೀನಿ. ಒಂದ್ಸಲ ಊರಿಗೆ ಹೋಗಿ ಬಾ. ನೀನು ವಾಪಸ್ ಬಂದ್ಮೇಲೆ ಪಾಠ ಶುರುಮಾಡೋಣ."