ಬಾವಿ ಹಗ್ಗದ ಗೋಲು

ಗೌರಿ ಹಬ್ಬಕ್ಕೆ ಮಗಳ ಮನೆಗೆ ಕಳಿಸಿದ ಬಾಗಿನ ತಿರುಗಿ ಬಂದರೆ ಆ ತವರಿನಲ್ಲಿ ಹಬ್ಬ ಹೇಗಿರುತ್ತದೆ, ನೀವೇ ಯೋಚನೆ ಮಾಡಿ. ಎಂಬತ್ತೆರಡನೇ ಇಸವಿಯಲ್ಲಿ ನಮ್ಮ ಸಾರಕ್ಕಿಯ ಬೈರಣ್ಣನ ಮನೆಯಲ್ಲಿ ಹಾಗೇ ಆಯಿತು. ಕತ್ರಿಗುಪ್ಪೆಗೆ ಕೊಟ್ಟಿದ್ದ ಒಬ್ಬಳೇ ಮಗಳು ಈಶ್ವರಮ್ಮನಿಗೆ ಕಳಿಸಿದ ಮೊರದ ಬಾಗಿನ ಹೋದ ಹಾಗೇ ವಾಪಸು ಬಂತು. ಬೈರಣ್ಣನ ಹೆಂಡತಿ ಲಕ್ಷ್ಮಮ್ಮ ಮೊರಗಳನ್ನು ಅಟ್ಟದ ಮೇಲಿಟ್ಟು, ಹಬ್ಬದ ದಿನ ಉಪವಾಸ ಮಲಗಿದಳು.

ಕಾರಣ ವರದಕ್ಷಿಣೆಯಲ್ಲ, ಜಮೀನೂ ಅಲ್ಲ. ಫುಟ್‌ಬಾಲು.

ಪ್ರತಿ ವರ್ಷ ರಾಗಿ ಕೊಯ್ಲು ಮುಗಿದು ಸಂಕ್ರಾಂತಿ ಕಳೆದ ಮೇಲೆ ಬೈರಣ್ಣನ ಹೊಲದಲ್ಲಿ ಐದೈದು ಜನರ ಪಂದ್ಯ ನಡೆಯುತ್ತಿತ್ತು. ಗೋಲಿನ ಎರಡು ಕಡೆಗೂ ಒಂದೊಂದು ಕಲ್ಲು ಇಡುತ್ತಿದ್ದರು. ಎತ್ತರ ಎಷ್ಟು ಅಂದರೆ, ಗೋಲ್‌ಕೀಪರ್ ಕೈ ಎತ್ತಿದಷ್ಟು. ಆ ವರ್ಷ ಬೈರಣ್ಣ ಬಹಳ ತಲೆ ಓಡಿಸಿ, ಊರಿಗೇ ಗಿಡ್ಡನಾದ ಸೇತುರಾಮನನ್ನು ಗೋಲ್‌ಕೀಪರ್ ಮಾಡಿದ. ಕೀಪರ್ ಗಿಡ್ಡನಾದರೆ ಗೋಲೂ ಗಿಡ್ಡ, ಹೇಗಿದೆ ಲೆಕ್ಕ! ಫೈನಲ್ಲಿನಲ್ಲಿ ಕತ್ರಿಗುಪ್ಪೆಯ ಕ್ಯಾಪ್ಟನ್ ಚಲುವರಾಜು ಒದ್ದ ಚೆಂಡು ಸೇತುರಾಮನ ಕೈಯಿಂದ ಗೇಣು ಮೇಲೆ ಹಾರಿಹೋಯಿತು. ಗೋಲು ಎಂದರು ಅವರು, ಅಲ್ಲ ಎಂದರು ಇವರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ಬೈರಣ್ಣ ಎಲ್ಲರ ಮುಂದೆ ಚಲುವರಾಜುವನ್ನು ಕಳ್ಳ ಎಂದುಬಿಟ್ಟ. ಆ ಚಲುವರಾಜು ಬೈರಣ್ಣನ ಸ್ವಂತ ಅಳಿಯ. ಅಂದಿನಿಂದ ಈಶ್ವರಮ್ಮ ತವರಿನ ಹೊಸಿಲು ತುಳಿದಿರಲಿಲ್ಲ.

ಮಾರನೇ ವರ್ಷ ಹುಡುಗರು ಮತ್ತೆ ಹೊಲ ಕೇಳಲು ಬಂದಾಗ ಬೈರಣ್ಣ ಕಡ್ಡಿ ಮುರಿದ ಹಾಗೆ ಆಗಲ್ಲ ಎಂದ. ಈ ಹಾಳು ಆಟದಿಂದಲೇ ಮಗಳು ದೂರವಾದಳು ಎಂದು ಲಕ್ಷ್ಮಮ್ಮನೂ ಕಣ್ಣು ಒರೆಸಿಕೊಂಡಳು. ಹುಡುಗರ ಜೊತೆ ಜಯದೇವಿ ಟೀಚರ್ ಬಂದಿದ್ದರು. ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಇಳಿದರೆಂದರೆ ಪುಂಡ ಹುಡುಗರೂ ಸಾಲಾಗಿ ನಿಲ್ಲುತ್ತಿದ್ದರು. ಇಂಥವರು ಊರಿಗೊಬ್ಬರು ಸಿಕ್ಕರೆ ಅದು ಆ ಊರಿನ ಪುಣ್ಯ.

ತಪ್ಪು ಆಟದ್ದಲ್ಲ, ನಿಯಮ ಬರೆದಿಡದೇ ಆಡಿದ್ದು ತಪ್ಪು ಎಂದರು ಅವರು. ಬೈರಣ್ಣ ನಕ್ಕ.

"ನಾವ್‌ನಾವೇ ಆಡೋದಕ್ಕೆ ಬರವಣಿಗೆ ಯಾಕೆ ಟೀಚರಮ್ಮ? ಇದೇನು ಸೈಟ್ ರಿಜಿಸ್ಟ್ರೇಷನ್ನಾ?"

"ಸೈಟು ಮಾರೋವಾಗ ಉದ್ದ ಇಷ್ಟು, ಅಗಲ ಇಷ್ಟು ಅಂತ ಬರೆಸ್ತೀರಲ್ವಾ ಬೈರಣ್ಣನೋರೆ? ತಗೊಳ್ಳೋನು ಎತ್ತರದೋನಾದ್ರೆ ದೊಡ್ಡ ಸೈಟು, ಗಿಡ್ಡ ಆದ್ರೆ ಚಿಕ್ಕ ಸೈಟು ಅಂತ ಯಾರಾದ್ರೂ ಕೊಡ್ತಾರಾ?"

ಜಗಲಿಯಲ್ಲಿ ಕೂತಿದ್ದ ಸೇತುರಾಮ ಕಿಸಕ್ಕನೆ ನಕ್ಕ. ಸರಿ, ಬರೆದು ಆಡೋದಾದರೆ ಹೊಲ ತಗೊಳ್ಳಿ ಎಂದ ಬೈರಣ್ಣ.

ಅಲ್ಲೇ ಕೂತು ಟೀಚರ್ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಯಮ ಬರೆದರು. ಆಡುವವರು ಐದು ಜನ, ಬದಲಿಗೆ ಇಬ್ಬರು; ಅವರ ಹೆಸರು ಮೊದಲೇ ಕೊಡಬೇಕು. ಕೆಲವರಿಗೆ ಬೂಟಿಲ್ಲದ ಕಾರಣ ಎಲ್ಲರೂ ಬರಿಗಾಲಲ್ಲೇ ಆಡಬೇಕು. ಹದಿನೈದು ನಿಮಿಷದ ಎರಡು ಆಟ, ನಡುವೆ ಐದು ನಿಮಿಷ ಬಿಡುವು. ಸಮ ಆದರೆ ಮೂರು ಮೂರು ಪೆನಾಲ್ಟಿ. ಪೆಟ್ಟು ಬಿದ್ದವನು ಹೊರಗೆ ಬಂದು ಗಾಯ ತೊಳೆಸಿಕೊಳ್ಳಲೇಬೇಕು. ರೆಫರಿ ಎರಡೂ ಊರಿನವನಾಗಿರಬಾರದು, ಅವನು ಹೇಳಿದ್ದೇ ಕೊನೆಯ ಮಾತು.

ರೆಫರಿ ಯಾರು ಎಂಬ ಪ್ರಶ್ನೆಗೆ ಉತ್ತರ ಅವರ ಬಳಿ ಸಿದ್ಧವಿತ್ತು: ಕೋಣನಕುಂಟೆಯ ಪಿಳ್ಳಣ್ಣ. ಅವನು ಬಸ್ ಕಂಡಕ್ಟರ್, ಸೀಟಿ ಯಾವಾಗಲೂ ಜೇಬಿನಲ್ಲೇ. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಬಸ್ಸು ಹತ್ತುವವರಿಗೆಲ್ಲ ಗೊತ್ತಿದ್ದ ನಿಯಮ, ಯಾರಿಗೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಉಳಿದದ್ದು ಗೋಲಿನ ಎತ್ತರ. ಕಲ್ಲಿನ ಜಾಗದಲ್ಲಿ ಬಿದಿರು ನೆಟ್ಟು, ನೆಲದಿಂದ ಆರೂವರೆ ಅಡಿಗೆ ಬಿದಿರಿನಿಂದ ಬಿದಿರಿಗೆ ಹಗ್ಗ ಎಳೆದು ಕಟ್ಟುವುದು. ಹಗ್ಗದ ಕೆಳಗೆ ಹೋದರೆ ಗೋಲು. ಮೇಲೆ ಹೋದರೆ, ಹಗ್ಗ ಸವರಿಕೊಂಡು ಹೋದರೂ, ಗೋಲಲ್ಲ. ಆದರೆ ಹಗ್ಗ ಎಲ್ಲಿದೆ? ಲಕ್ಷ್ಮಮ್ಮ ಹೋಗಿ ಬಾವಿಯ ಹಗ್ಗವನ್ನೇ ಬಿಚ್ಚಿ ತಂದು ಟೀಚರ ಮುಂದಿಟ್ಟಳು. ಎರಡು ಗೋಲಿಗೂ ಆಗಲೆಂದು ಅದನ್ನು ಎರಡು ತುಂಡು ಮಾಡಿದರು.

ಪಂದ್ಯದ ದಿನ ಬೆಳಿಗ್ಗೆ ಟೀಚರ್ ನಿಯಮಗಳನ್ನು ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಓದಿದರು. ಕ್ಯಾಪ್ಟನ್ನರು ಒಬ್ಬೊಬ್ಬರಾಗಿ ಸೈನ್ ಹಾಕಿದರು. ಹೊಲ ನಂದು ತಾನೇ ಎಂದು ಬೈರಣ್ಣನೂ ಕೆಳಗೆ ತನ್ನ ಸೈನ್ ಎಳೆದ. ಚಲುವರಾಜು ಪಕ್ಕದಲ್ಲೇ ಇದ್ದ, ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ಫೈನಲ್ಲಿಗೆ ಮತ್ತೆ ಅದೇ ಸಾರಕ್ಕಿ, ಅದೇ ಕತ್ರಿಗುಪ್ಪೆ. ಒಂದಕ್ಕೊಂದು ಸಮ. ಕೊನೇ ನಿಮಿಷದಲ್ಲಿ ನಮ್ಮ ಹುಡುಗನೊಬ್ಬ ಬೀಸಿ ಒದ್ದ. ಚೆಂಡು ಹಗ್ಗ ಸವರಿ ಆಚೆ ಬಿತ್ತು. ಗೋಲು ಗೋಲು ಎಂದು ನಾವೆಲ್ಲ ಕುಣಿದೆವು. ಪಿಳ್ಳಣ್ಣ ಒಂದು ಸೀಟಿ ಊದಿ ಕೈ ಆಡಿಸಿದ. ಗೋಲಲ್ಲ. ನಮ್ಮವರು ಅವನನ್ನು ಮುತ್ತಿಕೊಂಡರು. ಆ ಗೋಲಿನ ಹಿಂದೆಯೇ ನಿಂತಿದ್ದ ಬೈರಣ್ಣ ಪಂಚೆ ಎತ್ತಿ ಕಟ್ಟಿ ಒಳಗೆ ನುಗ್ಗಿದ. ಹೋದ ವರ್ಷದ್ದೇ ಕಥೆ ಎಂದುಕೊಂಡೆ.

"ಬಿಡ್ರೋ ಅವ್ನನ್ನ," ಎಂದ ಬೈರಣ್ಣ. "ಹಗ್ಗದ ಮೇಲೇ ಹೋಯ್ತು, ನನ್ನ ಕಣ್ಣಾರೆ ನೋಡ್ದೆ. ಸೈನ್ ಹಾಕಿದ್ದೀವಿ. ನಡೀರಿ, ಆಡ್ರಿ."

ಪೆನಾಲ್ಟಿಯಲ್ಲಿ ನಾವು ಸೋತೆವು. ಆದರೂ ಆ ದಿನ ಬೈರಣ್ಣನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ. ಆಟ ಮುಗಿದ ಮೇಲೆ ಅವನು ತಾನಾಗಿಯೇ ಅಳಿಯನ ಬಳಿ ಹೋದ.

"ಹೋದ್ ವರ್ಷ ಗಿಡ್ಡನ್ನ ನಿಲ್ಸಿದ್ದು ನಾನು. ಕಳ್ಳ ನಾನು, ನೀವಲ್ಲ ಅಳಿಯಂದ್ರೆ."

"ಈ ಸಲ ಬಾಗಿನ ಯಾರ ಕೈಲೂ ಕಳಿಸ್ಬೇಡಿ ಮಾವ. ನೀವೇ ತನ್ನಿ," ಎಂದ ಚಲುವರಾಜು.

ಬೈರಣ್ಣ ತಾನೇ ಒಯ್ದ. ಹಬ್ಬಕ್ಕೆ ಈಶ್ವರಮ್ಮ ತವರಿಗೆ ಬಂದಳು. ಬಂದವಳೇ ಕೊಡ ಹಿಡಿದು ಬಾವಿಗೆ ಹೋದರೆ, ಎರಡು ತುಂಡು ಸೇರಿಸಿದ ಹಗ್ಗದ ನಡುವೆ ದಪ್ಪ ಗಂಟು.

"ಹೊಸ ಹಗ್ಗ ತರ್ಬಾರ್ದಾ ಅಪ್ಪ? ಗಂಟು ರಾಟೆಗೆ ಸಿಕ್ಕಾಕ್ಕೊಳ್ಳುತ್ತೆ."

"ಸಿಕ್ಕಾಕ್ಕೊಳ್ಳಿ ಬಿಡವ್ವ," ಎಂದ ಬೈರಣ್ಣ. "ಆ ಗಂಟಿನಿಂದಾನೇ ನೀನು ಬಂದಿರೋದು."

ನಿಮ್ಮ ಬೀದಿಯಲ್ಲೂ ಹುಡುಗರು ಪಂದ್ಯ ಇಟ್ಟುಕೊಳ್ಳುತ್ತಾರೆ. ಚೆಂಡು ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಜನ, ಎಷ್ಟು ಹೊತ್ತು, ಗೋಲು ಎಷ್ಟೆತ್ತರ, ಸೀಟಿ ಯಾರ ಕೈಯಲ್ಲಿ ಎಂದು ಬರೆಯಿರಿ. ಓದು ಬಾರದವರಿಗೆ ಓದಿ ಹೇಳಿ. ಎರಡೂ ಕಡೆಯವರು ಸೈನ್ ಹಾಕಿ. ಆಮೇಲೆ ನಿಮ್ಮದೇ ಚೆಂಡು ಹಗ್ಗದ ಮೇಲೆ ಹೋದರೆ, ಹೋಯಿತು ಎಂದು ನೀವೇ ಮೊದಲು ಹೇಳಿ. ಆಟ ಸಂಜೆಗೆ ಮುಗಿಯುತ್ತದೆ, ನೆಂಟಸ್ತನ ಮುಗಿಯಬಾರದು.