ಮುಂದೆ ಬಂದು ಮಾತಾಡುವ ಆಫೀಸು

ಆ ನೀರು ಸರಬರಾಜು ಆಫೀಸಿನಲ್ಲಿ ಯಾರೂ ಯಾರ ಬೆನ್ನ ಹಿಂದೆಯೂ ಮಾತಾಡುತ್ತಿರಲಿಲ್ಲ. ಚಾಡಿ ಹೇಳುತ್ತಿರಲಿಲ್ಲ ಎಂದು ತಿಳಿಯಬೇಡಿ, ಅದು ಧಾರಾಳವಾಗಿಯೇ ನಡೆಯುತ್ತಿತ್ತು. ಸರ್ಕಾರಿ ಆಫೀಸು ಎಂದ ಮೇಲೆ ಅಷ್ಟೂ ಇಲ್ಲದಿದ್ದರೆ ಹೊತ್ತು ಹೋಗುವುದು ಹೇಗೆ? ಇದು ಬೇರೆ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಬೇಕೆಂದರೆ ಕುರ್ಚಿ ಬಿಟ್ಟು ಎದ್ದು, ಸುತ್ತಿ ಬಂದು, ಮೇಜಿನ ಮುಂದೆ ನಿಂತು, ಅಂಗೈಯಿಂದ ಮೇಜನ್ನು ಮೆಲ್ಲಗೆ ತಟ್ಟಿ, ಮುಖಕ್ಕೆ ಮುಖ ಕೊಟ್ಟು ಬಾಯಿ ತೆರೆಯುವುದು ಅಲ್ಲಿನ ಪದ್ಧತಿ. ಹೊಸಬರು ಬಂದರೆ ಮೊದಲ ದಿನವೇ ಅವರಿಗೆ ಈ ಪಾಠ ಆಗುತ್ತಿತ್ತು.

ದೂರು ವಿಭಾಗದ ಅಕ್ಕನಿಗೆ ಈ ಪದ್ಧತಿಯ ಮೇಲೆ ಬಲು ಹೆಮ್ಮೆ. ನಲ್ಲಿ ಸೋರಿತು, ಪೈಪು ಒಡೆಯಿತು, ಮೂರನೇ ಮಹಡಿಗೆ ನೀರು ಹತ್ತಲಿಲ್ಲ ಎಂದು ಬರುವವರನ್ನು ಕಿಟಕಿಯ ಮುಂದೆ ಕೂರಿಸಿಕೊಂಡು ಸಮಾಧಾನ ಮಾಡುವುದು ಅವಳ ಕೆಲಸ. ಆಫೀಸಿಗೆಲ್ಲ ಹಿರಿಯಳಾದ್ದರಿಂದ ಎಲ್ಲರಿಗೂ ಅವಳು ಅಕ್ಕನೇ. “ನಮ್ಮ ಆಫೀಸಿನಲ್ಲಿರೋ ಮರ್ಯಾದೆ ಇನ್ನೆಲ್ಲೂ ಇಲ್ಲ” ಎಂದು ಮನೆಯಲ್ಲಿ ಗಂಡನ ತಲೆ ತಿನ್ನುತ್ತಿದ್ದಳು.

“ಮನೇಲೂ ಒಂದು ಮೇಜು ಹಾಕಿಸ್ತೀನಿ ಬಿಡು” ಎನ್ನುತ್ತಿದ್ದ ಸೈಕಲ್ ರಿಪೇರಿಯ ಗಂಡ. “ಕಿವಿ ಕೇಳದೇ ಇರೋದು ನಿಂಗೆ, ಗಂಟಲು ಹೋಗ್ತಿರೋದು ನಂಗೆ. ಡಾಕ್ಟರಿಗೆ ತೋರ್ಸೇ ಮಾರಾಯ್ತಿ!”

ಅಕ್ಕ ತೋರಿಸುತ್ತಿರಲಿಲ್ಲ. ಅವಳಿಗೆ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಎದುರಿಗೆ ನಿಂತು ಮಾತಾಡಿದವರ ತುಟಿ ಓದಿಬಿಡುತ್ತಿದ್ದಳು. ತಿಳಿಯದಿದ್ದರೆ “ಬರೆದು ಕೊಡಿ, ಇಲ್ಲದಿದ್ರೆ ನಡೆಯಲ್ಲ” ಎಂದು ಕಾನೂನು ಹೇಳುತ್ತಿದ್ದಳು. ಫೋನಿನ ಚಿಂತೆಯಂತೂ ಇರಲೇ ಇಲ್ಲ. ಪಕ್ಕದ ಕಂಪ್ಯೂಟರ್ ಹುಡುಗಿಗೆ ಫೋನೆಂದರೆ ಪ್ರಾಣ, ಗಂಟೆ ಹೊಡೆಯುವುದರೊಳಗೆ ಹಾರಿ ಬಂದು ಎತ್ತಿಬಿಡುತ್ತಿದ್ದಳು. “ಅದೇನು ಹುಚ್ಚೇ ನಿಂಗೆ, ಗಂಡ ಮಾಡಿದ್ರೂ ಇಷ್ಟು ಓಡಲ್ವೇನೋ” ಎಂದು ಅಕ್ಕ ಗೇಲಿ ಮಾಡಿದರೆ ಅವಳು ನಕ್ಕುಬಿಡುತ್ತಿದ್ದಳು. ಹೀಗೆ ತನ್ನ ಗುಟ್ಟು ತನ್ನ ಗಂಡ ಮಗಳನ್ನು ಬಿಟ್ಟು ನರಪಿಳ್ಳೆಗೂ ಗೊತ್ತಿಲ್ಲ ಎಂದು ಅಕ್ಕ ನಂಬಿಕೊಂಡಿದ್ದಳು.

ಯಾಕಿಷ್ಟು ಹೆದರಿಕೆ ಅಂದರೆ, ಅವಳಪ್ಪ ಇದೇ ಇಲಾಖೆಯ ಪಂಪ್‌ಹೌಸಿನಲ್ಲಿ ಜೀವ ತೇದವನು. ಹಗಲೂ ರಾತ್ರಿ ಆ ಯಂತ್ರಗಳ ಗದ್ದಲದಲ್ಲಿ ಕಿವಿ ಕಳೆದುಕೊಂಡ. ಒಂದು ದಿನ ಮೇಲಿನವರು ಕೂಗಿದ್ದು ಕೇಳಲಿಲ್ಲ ಎಂದು ಅವನನ್ನು ಮನೆಗೆ ಕಳಿಸಿಬಿಟ್ಟರು. ಆಗ ಕೇಳುವವರಿರಲಿಲ್ಲ. ಜಗಲಿಯ ಮೇಲೆ ಕೂತು, ಯಾರು ಏನಂದರೂ “ಹೂಂ, ಹೂಂ” ಎನ್ನುತ್ತ ಉಳಿದ ಆಯುಸ್ಸು ಕಳೆದ ಅಪ್ಪನ ಮುಖ ಅಕ್ಕನ ಕಣ್ಣಿಗೆ ಕಟ್ಟಿತ್ತು. ಈಗ ಮಗಳ ನರ್ಸಿಂಗ್ ಓದು ಮುಗಿದಿಲ್ಲ, ಸೈಕಲ್ ಅಂಗಡಿಗೆ ದಿನಕ್ಕೊಬ್ಬ ಗಿರಾಕಿ ಬಂದರೆ ಪುಣ್ಯ. ಈ ಕೆಲಸ ಹೋದರೆ ಮನೆಯ ಒಲೆ ಹೊತ್ತುವುದಿಲ್ಲ.

ಇಂಥ ಹೊತ್ತಿನಲ್ಲಿ ಸುತ್ತೋಲೆ ಬಂತು. ನೌಕರರ ಆರೋಗ್ಯ ಯೋಜನೆಯಡಿ ಎಲ್ಲರಿಗೂ ತಪಾಸಣೆ, ಈ ಸಲ ಕಡ್ಡಾಯ. ಕಣ್ಣು, ಹಲ್ಲು, ರಕ್ತ, ಕಿವಿ. ‘ಕಿವಿ’ ಎಂಬಲ್ಲಿಗೆ ಅಕ್ಕನ ಕಣ್ಣು ನಿಂತುಬಿಟ್ಟಿತು. ಮುಂದೆ ಇನ್ನೂ ಎರಡು ಪುಟ ಇತ್ತು, ಯಾರು ಓದುತ್ತಾರೆ? ಆ ಆಫೀಸಿನಲ್ಲಿ ಸುತ್ತೋಲೆ ಅಂದರೆ ಸಹಿ ಹಾಕಿ ಪಕ್ಕದ ಮೇಜಿಗೆ ತಳ್ಳುವ ವಸ್ತು. ಅಕ್ಕನೂ ಸಹಿ ಹಾಕಿ ತಳ್ಳಿದಳು.

ರಾತ್ರಿ ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವಳ ಹಾಗೆ ಮಗಳನ್ನು ಕೇಳಿದಳು, ಕಿವಿ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ. ಕಿವಿಗೆ ಹೆಡ್‌ಫೋನ್ ಹಾಕಿ ಗಾಜಿನ ಆಚೆಯಿಂದ ಸದ್ದು ಬಿಡುತ್ತಾರೆ, ಕೇಳಿದಾಗ ಬೆರಳೆತ್ತಬೇಕು ಎಂದಳು ಮಗಳು. ಗಾಜು ಎಂದ ಕೂಡಲೇ ಅಕ್ಕನ ತಲೆ ಓಡಿತು. ಗಾಜಿದ್ದರೆ ಆಚೆಯವರ ಕೈ ಕಾಣುತ್ತದೆ. ಕೈ ಗುಂಡಿಯ ಕಡೆ ಹೋದಾಗೆಲ್ಲ ಬೆರಳೆತ್ತಿದರಾಯಿತು! ವರ್ಷಗಟ್ಟಲೆ ತುಟಿ ನೋಡಿ ಬದುಕಿದವಳಿಗೆ ಒಂದು ಕೈ ನೋಡುವುದು ಯಾವ ಮಹಾ ವಿದ್ಯೆ.

ತಪಾಸಣೆಗೆ ದಿನಕ್ಕಿಬ್ಬರಂತೆ ಸರದಿ. ಅಕ್ಕನ ಸರದಿಯ ದಿನ ಆಫೀಸಿನ ಜೀಪಿನಲ್ಲಿ ಅವಳ ಜೊತೆ ಬಂದವನು ಅಟೆಂಡರ್ ‘ರೇಡಿಯೊ’. ಯಾರ ಮನೆಯಲ್ಲಿ ಸಾಸಿವೆ ಸಿಡಿದರೂ ಸಂಜೆಯೊಳಗೆ ಊರಿಗೆಲ್ಲ ಬಿತ್ತರಿಸುವವನಾದ್ದರಿಂದ ಆ ಹೆಸರು. ಇವನ ಮುಂದೆ ಮಾತ್ರ ಸಿಕ್ಕಿಬೀಳಬಾರದು ಎಂದು ಅಕ್ಕ ದಾರಿಯುದ್ದಕ್ಕೂ ಮೈಯೆಲ್ಲ ಕಣ್ಣಾಗಿ ಅವನ ತುಟಿಯನ್ನೇ ನೋಡುತ್ತಿದ್ದಳು.

ಹೆಡ್ಡಾಫೀಸಿನ ಹಾಲಿನಲ್ಲಿ ಎಲ್ಲ ಶಾಖೆಗಳ ಜನ ಕುರ್ಚಿ ತುಂಬಿ ಕೂತಿದ್ದರು. ಹೆಸರು ಕರೆಯುವ ಗುಮಾಸ್ತ ನಿಂತದ್ದು ಹಿಂದಿನ ಬಾಗಿಲಲ್ಲಿ. ಅಕ್ಕ ಗೋಡೆ ನೋಡುತ್ತ ಕೂತಿದ್ದಳು. ಯಾರೋ ಭುಜ ಹಿಡಿದು ಅಲುಗಾಡಿಸಿದಾಗ ತಿರುಗಿದರೆ ಗುಮಾಸ್ತ ಕೆಂಪಗಾಗಿ ನಿಂತಿದ್ದಾನೆ. “ಎಷ್ಟು ಸಲ ಕರೀಬೇಕ್ರೀ? ಕಣ್ಣಿನ ಸಾಲು ಆ ಕಡೆ!” ಕಣ್ಣಿನ ಸಾಲಿನಲ್ಲಿ ಹಿಂದಿನವಳು ಏನೋ ಕೇಳಿದಳಂತೆ, ಇವಳು ಉತ್ತರ ಕೊಡಲಿಲ್ಲವಂತೆ, ಅವಳೂ ಮೂತಿ ತಿರುವಿದಳು. ರಕ್ತ ತೆಗೆಯುವಲ್ಲಿಯೂ ಅದೇ ಕಥೆ.

ಅಕ್ಕನಿಗೆ ನಖಶಿಖಾಂತ ಉರಿದುಹೋಯಿತು. ಕಿವಿ ಪರೀಕ್ಷೆಯ ಬಾಗಿಲ ಹೊರಗಿನ ಬೆಂಚಿಗೆ ಬಂದು ಕೂತವಳೇ ರೇಡಿಯೊನ ಮೇಲೆ ಹಾಯ್ದಳು. “ಥೂ, ಎಂಥಾ ಜನವೋ ಇವರು! ಒಬ್ಬರಿಗಾದ್ರೂ ಮುಂದೆ ಬಂದು ಮೇಜು ತಟ್ಟಿ ಮಾತಾಡೋ ಸಂಸ್ಕಾರ ಬೇಡ್ವಾ? ಹೆಡ್ಡಾಫೀಸಂತೆ ಹೆಡ್ಡಾಫೀಸು. ನಮ್ಮ ಆಫೀಸಿಗೆ ಬಂದು ಕಲೀಲಿ!”

ರೇಡಿಯೊ ಅವಳ ಮುಖ ನೋಡಿದ. ಏನೋ ಹೇಳಹೊರಟು ಬಾಯಿ ಮುಚ್ಚಿದ. ಅವನು ಬಾಯಿ ಮುಚ್ಚಿದ್ದನ್ನು ಅಕ್ಕ ಕಂಡದ್ದು ಅದೇ ಮೊದಲು.

“ಅಕ್ಕ” ಎಂದ ಕೊನೆಗೆ, ಅವಳೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು. “ಪ್ರಪಂಚದಲ್ಲಿ ಎಲ್ಲಾ ಕಡೆ ಹೀಗೇ ಮಾತಾಡೋದು. ಹಿಂದಿಂದಾನೂ ಮಾತಾಡ್ತಾರೆ, ಪಕ್ಕದ ರೂಮಿಂದಾನೂ ಕೂಗ್ತಾರೆ. ಮೇಜು ತಟ್ಟೋದು ನಮ್ಮ ಆಫೀಸಲ್ಲಿ ಮಾತ್ರ.”

“ಅದೇ ಮತ್ತೆ ನಾನು ಹೇಳ್ತಿರೋದು.”

“ನಿಮಗೋಸ್ಕರ ಅಕ್ಕ.”

ಅಕ್ಕನಿಗೆ ಅವನ ತುಟಿ ಸರಿಯಾಗಿಯೇ ಕಂಡಿತು. ಆದರೂ ನಂಬಿಕೆಯಾಗಲಿಲ್ಲ.

“ಒಣಮೆಣಸು ಸಾಹೇಬ್ರು ಮಾಡಿದ್ದು” ಎಂದ ರೇಡಿಯೊ. ಒಣಮೆಣಸು ಎಂದರೆ ಅವರ ಸೂಪರಿಂಟೆಂಡೆಂಟ್. ಕಡ್ಡಿಯಂಥ ದೇಹ, ಬಾಯಿ ತೆರೆದರೆ ಘಾಟು. ಅಕ್ಕನಿಗೂ ಅವರಿಗೂ ಎಣ್ಣೆ ಸೀಗೆಕಾಯಿ. “ಒಂದ್ಸಲ ಹಿಂದಿಂದ ಕರೆದ್ರು, ನೀವು ತಿರುಗ್ಲಿಲ್ಲ. ಬೈಯೋಕೆ ಅಂತ ಮುಂದೆ ಬಂದವರು ನಿಮ್ಮ ಮುಖ ನೋಡಿ ಹಾಗೇ ವಾಪಸ್ ಹೋದ್ರು. ನಿಮ್ಮಪ್ಪನ ವಿಷಯ ಅವರಿಗೆ ಗೊತ್ತು. ಮಾರನೇ ದಿನ ನೀವು ರಜೆ. ಎಲ್ಲರನ್ನೂ ಕೂರಿಸ್ಕೊಂಡು ಹೇಳಿದ್ರು, ಅವಳಾಗಿ ಹೇಳೋವರೆಗೂ ಯಾರೂ ಉಸಿರು ಬಿಡಕೂಡ್ದು. ಮುಂದೆ ಬಂದು ಮೇಜು ತಟ್ಟೋದನ್ನ ಅವಳೊಬ್ಬಳಿಗೇ ಮಾಡಿದ್ರೆ ಗೊತ್ತಾಗಿ ನೊಂದ್ಕೋತಾಳೆ, ಎಲ್ಲರೂ ಎಲ್ಲರಿಗೂ ಮಾಡಿ, ಕೇಳಿದ್ರೆ ಆಫೀಸಿನ ಹೊಸ ಶಿಸ್ತು ಅನ್ನಿ ಅಂತ.”

“ಮತ್ತೆ ಆ ಫೋನು...?”

“ಆ ಹುಡುಗಿಗೆ ಫೋನಂದ್ರೆ ಅಲರ್ಜಿ ಅಕ್ಕ. ಮನೇಲಿ ಅವಳಮ್ಮ ಮಾಡಿದ್ರೂ ಎತ್ತಲ್ಲ.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತಲ್ಲ ತನ್ನ ಬಾಳು! ಅಕ್ಕನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ, ಬಿಸಿಲಲ್ಲಿ ನಡೆದು ಬಂದವರಿಗೆ ತಣ್ಣೀರು ಸಿಕ್ಕ ಹಾಗೆ, ಎದೆಯೊಳಗೆ ಏನೋ ತಂಪಾಗಿ ಇಳಿಯಿತು. ತಿಂಗಳಿಗೊಮ್ಮೆ ತನ್ನೊಡನೆ ಜಗಳವಾಡುವವರು, ಚಹಾದ ಸರದಿಗೆ ಕಚ್ಚಾಡುವವರು, ಅಷ್ಟೂ ಮಂದಿ ಇಷ್ಟು ವರ್ಷ ದಿನಕ್ಕೆ ಎಷ್ಟು ಸಲ ಕುರ್ಚಿಯಿಂದ ಎದ್ದರೋ!

“ಊರಿಗೆಲ್ಲ ಡಂಗುರ ಸಾರೋನು” ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಇದೊಂದು ಹೇಗೋ ಇಟ್ಕೊಂಡೆ ಹೊಟ್ಟೇಲಿ?”

“ಹೊಟ್ಟೆ ಉಬ್ಬಿ ಸಾಯ್ತಿದ್ದೆ ಕಣಕ್ಕ” ಎಂದ ರೇಡಿಯೊ, ಅವನ ಕಣ್ಣೂ ಒದ್ದೆಯಾಗಿತ್ತು.

ಒಳಗೆ ಕರೆದರು. ಮಗಳು ಹೇಳಿದ ಹಾಗೆಯೇ ಗಾಜು ಇತ್ತು, ಗಾಜಿನಾಚೆ ಪರೀಕ್ಷೆ ಮಾಡುವವಳ ಕೈ ನಿಚ್ಚಳವಾಗಿ ಕಾಣುತ್ತಿತ್ತು. ಕೈ ಗುಂಡಿಯ ಕಡೆ ಸರಿಯಿತು. ಅಕ್ಕನ ಬೆರಳು ಏಳಲೋ ಬೇಡವೋ ಎಂದು ಚಡಪಡಿಸಿತು. ಅಷ್ಟು ಜನ ಸೇರಿ ತನಗಾಗಿ ಒಂದು ಸುಳ್ಳನ್ನು ಇಷ್ಟು ಪ್ರೀತಿಯಿಂದ ಹೊತ್ತಿದ್ದಾರೆ. ಅದರ ಮೇಲೆ ತನ್ನದೊಂದು ಕಳ್ಳ ಸುಳ್ಳನ್ನೂ ಹೇರುವುದೆ? ಏನಾಗುತ್ತದೋ ಆಗಲಿ ಎಂದು ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತು ಏನೂ ಕೇಳಲಿಲ್ಲ. ದೂರದಲ್ಲೆಲ್ಲೋ ಸಣ್ಣದೊಂದು ಸದ್ದು ಕೇಳಿದಾಗ ಮಾತ್ರ ಬೆರಳೆತ್ತಿದಳು.

ಪರೀಕ್ಷೆ ಮಾಡಿದವಳು ಬಂದು ಎದುರಿಗೆ ಕೂತಳು. “ಎರಡೂ ಕಿವಿಗೆ ಮಿಷಿನ್ ಬೇಕಮ್ಮ. ಇಷ್ಟು ದಿನ ಯಾಕೆ ಬರ್ಲಿಲ್ಲ?”

“ಕೆಲಸ ಹೋಗುತ್ತೇನಮ್ಮಾ?”

“ಕೆಲಸ ಯಾಕೆ ಹೋಗುತ್ತೆ? ಮಿಷಿನ್ನೂ ಇಲಾಖೆನೇ ಕೊಡುತ್ತೆ. ಸುತ್ತೋಲೇಲಿ ಎರಡನೇ ಪುಟದಲ್ಲೇ ಇದೆಯಲ್ಲ, ಓದ್ಲಿಲ್ವಾ?”

ಅಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ಜಗಲಿಯ ಮೇಲಿನ ಅಪ್ಪ ನೆನಪಾದ. ಅಪ್ಪನಿಗೆ ಈ ಎರಡನೇ ಪುಟ ಇರಲಿಲ್ಲ. ಇಂಥ ಜನವೂ ಇರಲಿಲ್ಲ. ತನಗೆ ಎರಡೂ ಸಿಕ್ಕಿತಲ್ಲ ಎಂದು ಕೂತಲ್ಲೇ ಕೈ ಮುಗಿದಳು. ಯಾರಿಗೆ ಮುಗಿದದ್ದೆಂದು ಪರೀಕ್ಷೆ ಮಾಡಿದವಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಆಫೀಸಿಗೆ ಮರಳಿದವಳು ನೇರ ಒಣಮೆಣಸಿನ ಮೇಜಿನ ಮುಂದೆ ನಿಂತಳು. ರೇಡಿಯೊ ಆಗಲೇ ಬಿತ್ತರ ಮುಗಿಸಿದ್ದ. ಎಲ್ಲರೂ ಕೆಲಸ ಮಾಡುವ ಸೋಗು ಹಾಕಿ ಕೂತಿದ್ದರು.

“ಸಾರ್, ನಿಮ್ಮನ್ನ ನಾನು ಎಷ್ಟು ಬೈಕೊಂಡಿದ್ದೀನಿ” ಎಂದಳು ಅಕ್ಕ. “ನನ್ನಪ್ಪನಿಗೆ ನಿಮ್ಮಂಥ ಒಬ್ಬ ಸಾಹೇಬ್ರು ಸಿಕ್ಕಿದ್ರೆ ಅವನು ಜಗಲಿ ಮೇಲೆ ಕೂರ್ತಿರ್ಲಿಲ್ಲ. ನಿಮ್ಮ ಉಪಕಾರ, ನಿಮ್ಮೆಲ್ಲರ ಉಪಕಾರ, ನಾನು ಸಾಯೋವರೆಗೂ ಮರೆಯಲ್ಲ.”

ಒಣಮೆಣಸು ದಡಕ್ಕನೆ ಎದ್ದು ಕಿಟಕಿಯ ಕಡೆ ತಿರುಗಿದರು. ಕನ್ನಡಕ ತೆಗೆದರು, ಒರೆಸಿದರು. ಬೆನ್ನು ಹಾಕಿಯೇ ಏನೋ ಅಂದರು. ಅವರ ಹೆಗಲು ಅಲುಗಿದ್ದು ಕಂಡಿತು, ಮಾತು ತಿಳಿಯಲಿಲ್ಲ. ನಿನ್ನೆಯಾಗಿದ್ದರೆ ಅಕ್ಕ “ಹೂಂ ಸಾರ್” ಎಂದು ತಲೆಯಾಡಿಸಿ ಬಂದುಬಿಡುತ್ತಿದ್ದಳು, ಥೇಟ್ ಅವಳಪ್ಪನ ಹಾಗೆ.

“ನಂಗೆ ಕಿವಿ ಕೇಳಲ್ಲ ಸಾರ್” ಎಂದಳು, ಇಡೀ ಆಫೀಸಿಗೆ ಕೇಳುವ ಹಾಗೆ. “ಈ ಕಡೆ ತಿರುಗಿ ಇನ್ನೊಂದ್ಸಲ ಹೇಳಿ.”

ಒಣಮೆಣಸು ತಿರುಗಿದರು. ಕಣ್ಣು ಕೆಂಪಾಗಿತ್ತು, ಮೂಗೂ ಕೆಂಪಾಗಿತ್ತು.

“ಮಿಷಿನ್ ಬಂದ್ಮೇಲೆ ನಿಮ್ಮನ್ನ ಹಿಂದಿಂದ ಬೈಯೋ ಸುಖಾನೂ ಹೋಯ್ತಲ್ಲ ಅಂದೆ ಕಣಮ್ಮ” ಎಂದರು.

ಕಂಪ್ಯೂಟರ್ ಹುಡುಗಿ ಕಿಸಕ್ಕೆಂದಳು, ಹಿಂದೆಯೇ ಆಫೀಸೆಲ್ಲ ನಕ್ಕಿತು. ಅಕ್ಕ ಅವರೆಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ನಿಂತಳು.