ಹದಿನೇಳನೆಯ ಮಾದರಿ ಪತ್ರ

ಮೊಮ್ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದೆಂದು ಮಗಳೂ ಅಳಿಯನೂ ನಿಶ್ಚಯಿಸಿದಾಗ ಗಣಿತ ಅಳಿಯನ ಪಾಲಿಗೆ ಹೋಯಿತು, ವಿಜ್ಞಾನ ಮಗಳ ಪಾಲಿಗೆ. ಬರವಣಿಗೆಯನ್ನು ನಾನೇ ಕೇಳಿ ಪಡೆದೆ. ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದರಲ್ಲಿ ನಲವತ್ತು ವರ್ಷ ಕಳೆದವನಿಗೆ, ಹತ್ತು ವರ್ಷದ ಹುಡುಗಿಗೆ ನಾಲ್ಕು ವಾಕ್ಯ ಕಲಿಸುವುದು ಎಷ್ಟರ ಕೆಲಸ ಎಂಬ ಭಾವ ನನ್ನಲ್ಲಿತ್ತು. ಅದನ್ನು ವಿದ್ಯಾಭಿಮಾನವೆಂದು ಕರೆದುಕೊಂಡಿದ್ದೆ.

ಈಗಿನ ಪಠ್ಯಪುಸ್ತಕಗಳು ನನಗೆ ಹಿಡಿಸಲಿಲ್ಲ; ತುಂಬ ಚಿತ್ರ, ತುಂಬ ಖಾಲಿ ಜಾಗ. ಹಳೆಯ ಪುಸ್ತಕದಂಗಡಿಗಳಲ್ಲಿ ಅಲೆದು, ಪತ್ರ, ಪ್ರಬಂಧ ಕಲಿಸುವ, ನನ್ನ ತಂದೆಯ ಕಾಲದ ಆರು ರಚನಾಪಾಠದ ಪುಸ್ತಕಗಳನ್ನು ಕಲೆಹಾಕಿದೆ. ಬೆನ್ನು ಕಳಚಿ, ಮುಟ್ಟಿದರೆ ಪುಟ ಮುರಿಯುವಂತಿದ್ದ ಅವನ್ನು ನನ್ನ ಬಾಲ್ಯದ ಗೆಳೆಯ ಹೊಲಿದು, ಹೊಸ ರಟ್ಟು ಕಟ್ಟಿ ಕೊಟ್ಟ. ಎರಡು ಬೀದಿ ಆಚೆಗೆ ಅವನ ಅಂಗಡಿ. ಮೊಮ್ಮಗಳು ಅವನನ್ನು ಗೋಂದಜ್ಜ ಎನ್ನುತ್ತಿದ್ದಳು; ಅಲ್ಲೇ ಕೂತು ಹಾಳೆ ಮಡಿಸುತ್ತಿದ್ದ ಅವನ ಹೆಂಡತಿಯನ್ನು ಗೋಂದಜ್ಜಿ. ಸಂಜೆಯ ಅರ್ಧ ಅವಳಿಗೆ ಅಲ್ಲಿಯೇ ಕಳೆಯುತ್ತಿತ್ತು.

ನನ್ನ ಬೋಧನಕ್ರಮ ಸರಳವಾಗಿತ್ತು. ಪುಸ್ತಕದ ಮಾದರಿಯನ್ನು ಮೂರು ಸಲ ನಕಲು ಮಾಡುವುದು, ನಾಲ್ಕನೆಯ ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. ಆಮೇಲೆ ನಾನು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಪದಕ್ಕೆ ಪದ ಹೋಲಿಸಿ, ಸರಿದ ಕಡೆಯೆಲ್ಲ ಕೆಂಪು ಶಾಯಿ ಹಾಕುತ್ತಿದ್ದೆ. ಮಾತೃಕೆಯ, ಎಂದರೆ ಮೂಲಪ್ರತಿಯ, ಒಂದಕ್ಷರವೂ ಕದಲಕೂಡದು. ಹಿರಿಯರ ವಾಕ್ಯ ಕೈಗೆ ಹತ್ತಿದ ಮೇಲೆ ಸ್ವಂತ ವಾಕ್ಯ ತಾನಾಗಿ ಬರುತ್ತದೆಂದು ನಂಬಿದ್ದೆ. ಆ ನಂಬಿಕೆ ಪೂರ್ತಿ ಸುಳ್ಳೆಂದು ಈಗಲೂ ತೋರುವುದಿಲ್ಲ.

“ತಾತ, ಈ ಪುಸ್ತಕದಲ್ಲಿ ಎಲ್ರೂ ಕ್ಷೇಮ, ಎಲ್ರೂ ಕುಶಲ. ಯಾರಿಗೂ ನೆಗಡಿನೇ ಆಗಲ್ವಾ?” ಎಂದು ಒಮ್ಮೆ ಕೇಳಿದಳು.

“ಆಗುತ್ತೆ. ಮೂಗು ಒರೆಸ್ಕೊಂಡೇ ಕಾಗದಕ್ಕೆ ಕೂತಿರ್ತಾರೆ,” ಎಂದೆ.

ಗೋಂದಜ್ಜಿ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ನಾನು ಹೋಗಿ ಗೆಳೆಯನ ಪಕ್ಕ ಸುಮ್ಮನೆ ಕೂತು ಬಂದೆ. ಮರುದಿನ ಮೊಮ್ಮಗಳು ಪಾಠದ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. “ಗೋಂದಜ್ಜನಿಗೆ ಬರೆದೆ. ನೋಡಿ ಕೊಡಿ.”

ಅದರಲ್ಲಿದ್ದದ್ದು ಇಷ್ಟು: ‘ಅಜ್ಜಿ ಹಾಳೆ ಮಡಿಸಿ ಉಗುರಿನಿಂದ ಗೀರುತ್ತಿದ್ದರು. ಆ ಸದ್ದು ನನಗೆ ಇಷ್ಟ. ಈಗ ನೀವೊಬ್ಬರೇ ಮಡಿಸುತ್ತೀರಾ? ನಾನು ಬರಲಾ?’ ಒಕ್ಕಣೆಯಿಲ್ಲ, ದಿನಾಂಕವಿಲ್ಲ. ಸಂತಾಪಪತ್ರದಲ್ಲಿ ಪ್ರಶ್ನೆ ಕೇಳುವುದುಂಟೇ ಎಂದುಕೊಂಡು ನಾಲ್ಕು ವಾಕ್ಯಕ್ಕೂ ಕೆಂಪು ಗೆರೆ ಎಳೆದೆ. ಪುಸ್ತಕದ ಹದಿನೇಳನೆಯ ಮಾದರಿ ಪತ್ರವನ್ನು ತೆರೆದು, ಇದನ್ನು ಬರಿ ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. “ತಾತ, ಇದು ಅಪ್ಪ ಸತ್ತವರಿಗೆ ಬರೆದಿರೋದು. ಬದಲಾಯಿಸ್ಲಾ?”

ನಾನು ಒಂದು ಕರಡು ತಿದ್ದುವುದರಲ್ಲಿ ಮುಳುಗಿದ್ದೆ, ತಲೆಯೆತ್ತಲಿಲ್ಲ. “ಒಂದಕ್ಷರಾನೂ ಬೇಡ. ಎಷ್ಟು ಸಲ ಹೇಳ್ಬೇಕು?”

ಬರೆದು ತಂದಳು. ಮುತ್ತಿನಂಥ ಅಕ್ಷರ. ಪುಸ್ತಕದೊಂದಿಗೆ ಸಾಲುಸಾಲಾಗಿ ಹೋಲಿಸಿದೆ. ಕೆಂಪು ಶಾಯಿಗೆ ಎಲ್ಲಿಯೂ ಕೆಲಸವಿರಲಿಲ್ಲ. ಅವಳ ಪ್ರತಿ ಮಾತೃಕೆಗೆ ಒಪ್ಪಿತು. ಸತ್ತವರಿಗೆ ಒಪ್ಪಿತೇ ಎಂದು ನೋಡಲು ನನಗೆ ಹೊಳೆಯಲೇ ಇಲ್ಲ. ಹೆಮ್ಮೆಯಿಂದ ಲಕೋಟೆಗೆ ಹಾಕಿ ಕಳಿಸಿದೆ.

ನಾಲ್ಕನೆಯ ದಿನ ಗೆಳೆಯ ಕೆಲಸದ ಹೊತ್ತಿನಲ್ಲೇ ಮನೆಗೆ ಬಂದ. ಕಾಗದ ಬಿಡಿಸಿ, ಕನ್ನಡಕ ಏರಿಸಿ ಓದಿದ: “‘ತಮ್ಮ ಪೂಜ್ಯ ತಂದೆಯವರು ತುಂಬುಬಾಳು ಬಾಳಿ ದೈವಾಧೀನರಾದ ವಾರ್ತೆ ತಿಳಿದು...’ ನಮ್ಮಪ್ಪ ಹೋಗಿ ಮೂವತ್ತು ವರ್ಷ ಆಯ್ತಲ್ಲೋ. ವಾರ್ತೆ ನಿಮ್ಮನೆಗೆ ಈಗ ಬಂತಾ?” ನಗಲು ಹೋದ, ಆಗಲಿಲ್ಲ. “ನಿನ್ನ ಪುಸ್ತಕದಲ್ಲಿ ಈ ಪುಟ ಹೊಲಿದೋನು ನಾನೇ. ಮಡಿಸಿದ್ದು ನಮ್ಮವಳು. ಯಾರಪ್ಪಾ ಹೀಗೆ ಬರೆದಿದ್ದು?”

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ನನಗೆ ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು, ಅವಳು ಕೇಳಿದ ಪ್ರಶ್ನೆಯೂ ಸೇರಿ.

“ಮಗು ಕಣೋ,” ಎಂದೆ. “ನೋಡದೆ ನಕಲು ಮಾಡ್ಬಿಟ್ಟಿದೆ. ಮನಸ್ಸಿಗೆ ಹಚ್ಕೋಬೇಡ.”

ಅವಳು ನನ್ನ ಮುಖ ನೋಡಿದಳು. ನಾನು ಕಾಗದವನ್ನು ನೋಡಿದೆ.

“ತಪ್ಪಾಯ್ತು ಅಜ್ಜ,” ಎಂದಳು. ಗೆಳೆಯ ಅವಳ ತಲೆ ಸವರಿ ಹೊರಟುಹೋದ.

ಅಂದಿನಿಂದ ಅವಳು ಅಂಗಡಿಯ ಕಡೆಗೆ ಕಾಲಿಡಲಿಲ್ಲ. ಕೊಟ್ಟ ಪಾಠವನ್ನು ತುಟಿ ಬಿಚ್ಚದೆ ನಕಲು ಮಾಡಿ, ಪುಸ್ತಕ ಮುಚ್ಚಿ ಎದ್ದುಹೋಗುತ್ತಿದ್ದಳು. ಮಗಳು ವಿಚಾರಿಸಿದಾಗ, “ಗೋಂದಜ್ಜನಿಗೆ ನನ್ನ ಕಂಡ್ರೆ ಬೇಜಾರು,” ಎಂದದ್ದು ಪಕ್ಕದ ಕೋಣೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಕೂತಿದ್ದ ನನಗೆ ಕೇಳಿಸಿತು. ಐವತ್ತು ವರ್ಷ ತಪ್ಪದೆ ಹೇಳಿಕೊಂಡು ಬಂದ ಶ್ಲೋಕಗಳು ಅಂದು ನಡುವೆ ನಿಂತವು. ಮುಂದಿನ ಪಾದ ನೆನಪಿತ್ತು. ಅದನ್ನು ಉಚ್ಚರಿಸುವ ಮೋರೆ ನನಗಿರಲಿಲ್ಲ.

ಆ ಸಂಜೆ ಗೆಳೆಯನಲ್ಲಿಗೆ ಹೋಗಿ ಹೇಳಿದೆ. “ಅವಳು ಬದಲಾಯಿಸ್ಲಾ ಅಂತ ಕೇಳಿದ್ಳು. ಬೇಡ ಅಂದೋನು ನಾನು.”

ಅವನು ರಟ್ಟಿಗೆ ಗೋಂದು ಬಳಿಯುತ್ತಲೇ ಇದ್ದ. “ಸರಿ, ಪಂಡಿತರೇ,” ಎಂದ. ಜನ್ಮದಲ್ಲಿ ನನ್ನನ್ನು ಹಾಗೆ ಕರೆದವನಲ್ಲ. “ಅವಳು ಇಬ್ಬರ ಎದುರಿಗೆ ತಪ್ಪಾಯ್ತು ಅಂದ್ಳು. ನೀವು ಅಂಗಡಿ ಖಾಲಿ ಆಗ್ಲಿ ಅಂತ ಕಾದು ಬಂದ್ರಿ. ಅಲ್ವಾ?”

ನಿಜ. ಗಿರಾಕಿಗಳಿಬ್ಬರು ಹೋಗುವವರೆಗೆ ಬೀದಿಯ ತಿರುವಿನಲ್ಲಿ ನಿಂತಿದ್ದೆ.

ಮನೆಗೆ ಹೋಗಿ ಮೊಮ್ಮಗಳನ್ನು ಕರೆದುಕೊಂಡು ಬಂದೆ. ಅಷ್ಟರಲ್ಲಿ ಮೇಷ್ಟರೊಬ್ಬರು ನಿಘಂಟಿಗೆ ರಟ್ಟು ಹಾಕಿಸಲು ಬಂದಿದ್ದರು. ನಾನು ಸಂಪಾದಿಸಿದ ಗ್ರಂಥಗಳನ್ನು ಓದಿದವರು, ಕಂಡೊಡನೆ ಕೈಮುಗಿದರು. ಅವರು ಹೋಗಲಿ ಎಂದು ಮನಸ್ಸು ಮತ್ತೆ ಜಗ್ಗಿತು. ಅವರೆದುರಿಗೇ ಹೇಳಿದೆ: “ಆ ಕಾಗದ ಬರೆಸಿದ್ದು ನಾನು. ಇವಳು ಸರಿಯಾಗೇ ಬರೆದಿದ್ಳು, ನಾನೇ ಹೊಡೆದುಹಾಕಿದೆ. ಆಮೇಲೆ ತಪ್ಪನ್ನ ಇವಳ ತಲೆಗೆ ಕಟ್ಟಿದೆ.”

ಮೇಷ್ಟರು ನಿಘಂಟಿನ ಪುಟ ತಿರುವತೊಡಗಿದರು.

“ಅವತ್ತೇ ಯಾಕೆ ಹೇಳ್ಲಿಲ್ಲ?” ಎಂದಳು ಮೊಮ್ಮಗಳು.

“ನಾಚಿಕೆ ಆಯ್ತು.”

“ನನಗೂ ಆಗಿತ್ತು,” ಎಂದು, ಗೆಳೆಯ ಸರಿದು ತೆರವು ಮಾಡಿದ ಜಾಗದಲ್ಲಿ ಹೋಗಿ ಕೂತಳು. ನನಗೆ ಕೂರೆಂದು ಯಾರೂ ಹೇಳಲಿಲ್ಲ.